ಎರಡಿಂಚಿನ ಬೈಪಾಸು

2025ರ ಫೆಬ್ರುವರಿಯ ಒಂದು ಭಾನುವಾರ, ಬಳ್ಳಾರಿ ಹತ್ತಿರದ ಕುಡತಿನಿ ಇನ್ನೂ ಎರಡು ಕಿಲೋಮೀಟರ್ ಇದೆ ಅನ್ನುವಾಗ ಮಾಮನ ಕಾರು ನಿಂತಿತು. ನಿಂತಿತು ಅನ್ನೋದು ಮರ್ಯಾದೆಯ ಮಾತು. ಬಾನೆಟ್ಟಿನ ಸಂದಿಯಿಂದ ಆವಿ ಬುಸುಗುಟ್ಟಿತು. ಮುಂದಿನ ಗಾಜು ಬೆಳ್ಳಗಾಯಿತು. ಗಾಜಿನ ಮೇಲೆ ಕೂತಿದ್ದ ಅದಿರು ಲಾರಿಗಳ ಕೆಂಪು ಧೂಳು ಆವಿಗೆ ಕಲೆತು ಕುಂಕುಮದ ನೀರಿನ ಹಾಗೆ ಇಳಿಯತೊಡಗಿತು.

ಓಡಿಸುತ್ತಿದ್ದವನು ನಾನು. ಪಕ್ಕದಲ್ಲಿ ಮಾಮ. ಎಪ್ಪತ್ತಾರು ವರ್ಷ. ಆವಿ ಕಾಣುವುದಕ್ಕೂ ಒಂದು ನಿಮಿಷ ಮೊದಲೇ ಅವರು ಕೈ ಚಾಚಿ ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದ್ದರು. ನನಗೆ ಸಿಟ್ಟು ಬಂತು. ಯಾಕಂದ್ರೆ ಬಿಸಿ ತೋರಿಸುವ ಮುಳ್ಳು ಮೇಲೆ ಹೋಗಿದ್ದು ನಿಜ, ಆದರೆ ಆಗಷ್ಟೇ ಸರ್ರನೆ ಕೆಳಗೆ ಇಳಿದಿತ್ತು. ಸದ್ಯ, ತಣ್ಣಗಾಯಿತು ಅಂದುಕೊಂಡಿದ್ದೆ.

"ಮುಳ್ಳು ಇಳೀತು ಅಂದ್ರ ತಣ್ಣಗಾತು ಅಂತಲ್ಲಲೇ. ನೀರು ಖಾಲಿ ಆತು ಅಂತ."

ಆಮೇಲೆ ಯೋಚಿಸಿದರೆ ಸರಿ. ಬಿಸಿ ಅಳೆಯುವ ಬಲ್ಬು ಎಂಜಿನ್ನಿನ ಹೆಡ್ಡಿನಲ್ಲಿ, ಅಂದರೆ ಅದರ ಮೇಲ್ಭಾಗದಲ್ಲಿ, ನೀರೊಳಗೆ ಮುಳುಗಿರಬೇಕು. ನೀರೇ ಇಲ್ಲ ಅಂದ ಮೇಲೆ ಅದು ಏನನ್ನು ಅಳೆಯಬೇಕು? ಖಾಲಿ ಜಾಗದ ಗಾಳಿಯನ್ನು. ಎಂಜಿನ್ ಸುಡುತ್ತಿರುತ್ತದೆ, ಮುಳ್ಳು ಮಾತ್ರ ಆರಾಮಾಗಿ ಮಲಗಿರುತ್ತದೆ. ಇದನ್ನು ತಿಳಿಯದವರ ಹೆಡ್ ಗ್ಯಾಸ್ಕೆಟ್ ಸುಟ್ಟು, ಹೆಡ್ಡೇ ಸೊಟ್ಟಗಾಗುವುದು ಹೀಗೆ.

ತೋರಣಗಲ್ಲು ಕಡೆ ಹೊರಟಿದ್ದ ಲಾರಿಯೊಂದು ನಿಂತಿತು. ಡ್ರೈವರ್ ಇಳಿದು ಬಂದವನೇ ಮೊದಲು ಹೇಳಿದ್ದು, "ರೇಡಿಯೇಟರ್ ಕ್ಯಾಪ್ ಮಾತ್ರ ತೆಗೀಬ್ಯಾಡ್ರಿ ಸಾರ್, ಮುಖಕ್ಕ ಹೊಡೀತೈತಿ." ಆಮೇಲೆ ಕಾರನ್ನು ಒಂದು ಸುತ್ತು ನೋಡಿದ. ಅವನ ಸೊಂಟದ ಎತ್ತರಕ್ಕೂ ಬರದ, ಎರಡೇ ಸೀಟಿನ ಗಾಡಿ. "ಇದು ಮಕ್ಕಳ್ದಾ?" ಅಂದ. ಮಾಮ ಆ ಕಡೆ ತಿರುಗಿ ನಿಂತರು.

ಕಾರು ಎಂ.ಜಿ. ಮಿಡ್ಜೆಟ್. 1275 ಸಿಸಿ ಎಂಜಿನ್ನಿನದು. ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1961ರಿಂದ 1979ರವರೆಗೆ ಮಿಡ್ಜೆಟ್‌ಗಳು ತಯಾರಾದವು. ಈ 1275ರ ಎಂಜಿನ್ ಬಂದಿದ್ದು 1966ರ ಕೊನೆಗೆ. ಮಾಮ ಇದನ್ನು ಕೊಂಡಿದ್ದು ಮದರಾಸಿನಲ್ಲಿ, ಎಂಬತ್ತರ ದಶಕದ ಮಧ್ಯದಲ್ಲಿ. ಬಳ್ಳಾರಿಯವರಿಗೆ ಮದರಾಸು ದೂರದ ಊರಲ್ಲ. 1953ರ ಅಕ್ಟೋಬರ್‌ವರೆಗೆ ನಾವು ಇದ್ದದ್ದೇ ಮದರಾಸು ರಾಜ್ಯದಲ್ಲಿ. ನಮ್ಮ ತಾತನ ಕಾಲದವರಿಗೆ ಕೋರ್ಟು, ಕಾಲೇಜು, ಕಣ್ಣಿನ ಆಪರೇಷನ್, ಎಲ್ಲಕ್ಕೂ ಮದರಾಸೇ. ಆ ನಂಟಿನಲ್ಲಿ ಸಿಕ್ಕಿದ ಕಾರು. ಕಡಪ, ಗುತ್ತಿ ದಾಟಿ ರಾತ್ರಿಯೆಲ್ಲ ಓಡಿಸಿಕೊಂಡು ಬಂದರಂತೆ. ಅತ್ತೆ ಇವತ್ತಿಗೂ ಹೇಳುವುದು ಒಂದೇ ಮಾತು: "ಸೈಟು ತಗಳ್ತೀನಿ ಅಂತ ರೊಕ್ಕ ಒಯ್ದವ್ರು ಇದನ್ನ ತಂದ್ರು."

ಲಾರಿಯವನೇ ಹಗ್ಗ ಕೊಟ್ಟ. ಕಾರನ್ನು ಎಳೆಸಿಕೊಂಡು ಬಂದು ಮನೆಯ ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಸಂಜೆ ಎಂಜಿನ್ ಪೂರ್ತಿ ಆರಿದ ಮೇಲೆ ರೇಡಿಯೇಟರಿಗೆ ಒಂದು ಚೊಂಬು ನೀರು ಹಾಕಿ ಟಾರ್ಚ್ ಹಿಡಿದೆ. ನೀರು ಎಲ್ಲಿಂದಲೋ ಬಂದು ಎಲ್ಲೋ ಹೋಗುತ್ತಿತ್ತು. ಫ್ಯಾನಿನ ಹಿಂದೆ, ಡೈನಮೋ ಪಕ್ಕ, ಪಂಪಿಗೂ ಹೆಡ್ಡಿಗೂ ನಡುವೆ ಒಂದು ಕತ್ತಲೆಯ ಮೂಲೆ. ಅತ್ತೆಯ ಕೈಗನ್ನಡಿ ತಂದು ಓರೆಯಾಗಿ ಹಿಡಿದಾಗ ಕಂಡಿತು. ಹೆಬ್ಬೆರಳಿನ ಗಾತ್ರದ, ಎರಡಿಂಚು ಉದ್ದದ ರಬ್ಬರ್ ತುಂಡು. ಉದ್ದಕ್ಕೆ ಸೀಳಿತ್ತು.

ಇದಕ್ಕೆ ಬೈಪಾಸ್ ಹೋಸ್ ಅಂತ ಹೆಸರು. ಅತ್ತೆ ಅದೇ ರಾತ್ರಿ ಸಿರುಗುಪ್ಪದ ತಮ್ಮ ತಂಗಿಗೆ ಫೋನಿನಲ್ಲಿ, "ಬೈಪಾಸ್ ಮಾಡಿಸ್ಬೇಕಂತ, ಅಳಿಯ ನೋಡ್ಯಾನ" ಅಂದುಬಿಟ್ಟರು. ಮರುದಿನ ಬೆಳಿಗ್ಗೆ ಏಳಕ್ಕೇ ಎಳನೀರು ಹಿಡಿದುಕೊಂಡು ಇಬ್ಬರು ನೆಂಟರು ಬಂದರು. ಮಾಮ ಗೇಟಿನ ಹತ್ತಿರ ಹಲ್ಲುಜ್ಜುತ್ತಾ ನಿಂತಿದ್ದನ್ನು ನೋಡಿ ಅವರಿಗೆ ಬೇಜಾರಾಯಿತೋ ಸಮಾಧಾನವಾಯಿತೋ ಗೊತ್ತಿಲ್ಲ. ಎಳನೀರು ಮಾತ್ರ ಕೊಟ್ಟೇ ಹೋದರು.

ಈ ಎರಡಿಂಚಿನ ತುಂಡು ಮಾಡುವ ಕೆಲಸ ಸಣ್ಣದಲ್ಲ. ರೇಡಿಯೇಟರಿನ ತಳದಿಂದ ನೀರನ್ನು ಪಂಪು ಎಳೆದು ಎಂಜಿನ್ನಿನ ಬ್ಲಾಕಿಗೆ ನೂಕುತ್ತದೆ. ಅಲ್ಲಿಂದ ನೀರು ಹೆಡ್ಡಿಗೆ ಏರಿ, ಬಿಸಿ ನೋಡಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ದಾಟಿ, ಮೇಲಿನ ಹೋಸ್ ಮೂಲಕ ಮತ್ತೆ ರೇಡಿಯೇಟರಿಗೆ ಬರುತ್ತದೆ. ಆದರೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಬಾಗಿಲು ಮುಚ್ಚಿಕೊಂಡಿರುತ್ತದೆ. ನೀರು ಹೋಗುವುದೆಲ್ಲಿಗೆ? ನಿಂತರೆ ಕೆಟ್ಟಿತು. ಎಗ್ಸಾಸ್ಟ್ ವಾಲ್ವಿನ ಸುತ್ತ ಅಲ್ಲಲ್ಲೇ ಕುದಿಯತೊಡಗುತ್ತದೆ. ಅದಕ್ಕೇ ಈ ಗಲ್ಲಿ ದಾರಿ. ಹೆಡ್ಡಿನಿಂದ ಸೀದಾ ಪಂಪಿಗೆ ನೀರು ವಾಪಸ್ ಬಂದು ಒಳಗೇ ಸುತ್ತುತ್ತಿರುತ್ತದೆ. ದೊಡ್ಡ ರಸ್ತೆ ತೆರೆದ ಮೇಲೂ ಈ ಗಲ್ಲಿ ಮುಚ್ಚುವುದಿಲ್ಲ. ಅಂದರೆ ಎಂಜಿನ್ ಓಡುವಷ್ಟು ಹೊತ್ತೂ ಅದಕ್ಕೆ ಬಿಡುವಿಲ್ಲ. ರೇಡಿಯೇಟರಿನ ದಪ್ಪ ಹೋಸ್‌ಗಳನ್ನು ಎಲ್ಲರೂ ಆಗಾಗ ಹಿಚುಕಿ ನೋಡುತ್ತಾರೆ, ಕಣ್ಣೆದುರಿಗೇ ಇರುತ್ತವಲ್ಲ. ಇದನ್ನು ನೋಡುವವರು ಯಾರು?

ಈ ಎಂಜಿನ್ನಿನ ಕುಲಕ್ಕೆ ಎ-ಸೀರೀಸ್ ಅನ್ನುತ್ತಾರೆ. 1951ರಲ್ಲಿ ಆಸ್ಟಿನ್ ಎ30 ಎಂಬ ಪುಟ್ಟ ಕಾರಿಗೆ ಅಂತ 803 ಸಿಸಿಯಲ್ಲಿ ಶುರುವಾಗಿದ್ದು, ಹಿಗ್ಗಿಸಿ ಹಿಗ್ಗಿಸಿ 1275ಕ್ಕೆ ಬಂತು. ಮಿನಿ ಕಾರಿನಲ್ಲಿ ಇದನ್ನೇ ಅಡ್ಡಡ್ಡ ಮಲಗಿಸಿದರು. 2000ದವರೆಗೂ ಮಿನಿಯಲ್ಲಿ ಇದೇ ಕುಲದ ಎಂಜಿನ್ ಬರುತ್ತಿತ್ತು. ಅಷ್ಟು ವರ್ಷ, ಅಷ್ಟು ಕಾರು. ಎಷ್ಟು ಜನ ಈ ತುಂಡಿಗಾಗಿ ಬೆರಳ ಗೆಣ್ಣು ಕೆತ್ತಿಸಿಕೊಂಡಿರಬೇಡ?

ಬಳ್ಳಾರಿಯ ಬಿಸಿಲನ್ನು ಬೈದುಬಿಡುವುದು ಸುಲಭ. ನಾನೂ ಬೈದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ರೇಡಿಯೇಟರು ಎಷ್ಟು ಬಿಸಿ ಹೊರಹಾಕುತ್ತದೆ ಅನ್ನುವುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ನೀರು 82 ಡಿಗ್ರಿ ಅಂತ ಇಟ್ಟುಕೊಳ್ಳಿ. ಇಂಗ್ಲೆಂಡಿನಲ್ಲಿ ಹೊರಗೆ 15 ಇದ್ದರೆ ಅಂತರ 67. ಏಪ್ರಿಲ್‌ನಲ್ಲಿ ನಮ್ಮ ರಾಯಲ್ ಸರ್ಕಲ್‌ನಲ್ಲಿ 42 ಇದ್ದರೆ ಅಂತರ 40. ಅದೇ ರೇಡಿಯೇಟರು ಇಲ್ಲಿ ರೂಪಾಯಿಗೆ ಹತ್ತಾಣೆ ಕೆಲಸವನ್ನೂ ಮಾಡುವುದಿಲ್ಲ. ಉಳಿದ ಆರಾಣೆ ನೀರಿನ ಬಿಸಿಯಾಗಿ ಏರಬೇಕು, ರಬ್ಬರಿನ ಮೇಲೆ ಬೀಳಬೇಕು. ಕ್ಯಾಪಿನ ಒತ್ತಡ ಇಲ್ಲದಿದ್ದರೆ ಯಾವತ್ತೋ ಕುದಿಯುತ್ತಿತ್ತು. ಚದರ ಇಂಚಿಗೆ ಏಳು ಪೌಂಡ್ ಒತ್ತಡ ತಡೆಯುವ ಕ್ಯಾಪ್ ಇದ್ದರೆ ನೀರು ಕುದಿಯುವುದು 100ಕ್ಕಲ್ಲ, 111ರ ಹತ್ತಿರ. ಕುಕ್ಕರಿನ ವಿಷಲ್ ಇದ್ದ ಹಾಗೆ. ಆದರೆ ಕುಕ್ಕರಿನಲ್ಲಿ ಒತ್ತಡ ತಡೆಯುವುದು ಅಲ್ಯೂಮಿನಿಯಂ. ಇಲ್ಲಿ ಎರಡಿಂಚು ರಬ್ಬರು.

ಹೀಟರ್ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ಕಾರಿನಲ್ಲಿ ಹೀಟರ್ ಇದೆ. ಬಳ್ಳಾರಿಯಲ್ಲಿ ಹೀಟರ್! ನೋಡಿದವರೆಲ್ಲ ನಗುತ್ತಾರೆ. ಹೆಡ್ಡಿನ ಹಿಂಬದಿಯ ನಲ್ಲಿಯಿಂದ ಒಂದು ಹೋಸ್ ಡ್ಯಾಶ್‌ಬೋರ್ಡ್ ಕಡೆಗೆ ಹೋಗುತ್ತದೆ, ಇನ್ನೊಂದು ವಾಪಸ್ ಬರುತ್ತದೆ. ಎರಡನ್ನೂ ಕಿತ್ತು ಬಾಯಿ ಮುಚ್ಚಿಬಿಡಿ, ಸೋರುವ ಜಾಗ ಎರಡು ಕಡಿಮೆಯಾಗುತ್ತದೆ ಅಂತ ಹೇಳಿದವರು ಬಹಳ. ಮಾಮ ಒಪ್ಪಿಲ್ಲ. ಯಾಕಂದ್ರೆ ಹೀಟರ್ ಅನ್ನೋದು ಇನ್ನೊಂದು ಪುಟ್ಟ ರೇಡಿಯೇಟರೇ. ಮೇ ತಿಂಗಳಲ್ಲಿ ಮೋತಿ ಸರ್ಕಲ್‌ನ ಟ್ರಾಫಿಕ್‌ನಲ್ಲಿ ಮುಳ್ಳು ಏರತೊಡಗಿದರೆ ಮಾಮ ಹೀಟರ್ ತೆರೆದು ಬ್ಲೋವರ್ ಹಾಕುತ್ತಾರೆ. ಎಂಜಿನ್ನಿನ ಬಿಸಿ ನಮ್ಮ ಕಾಲಿಗೆ ಬರುತ್ತದೆ, ಮುಳ್ಳು ನಿಧಾನಕ್ಕೆ ಇಳಿಯುತ್ತದೆ. ಹೊರಗೆ 43, ಒಳಗೆ ಒಲೆ. ಕಾರು ಬದುಕಬೇಕಾದರೆ ನಾವು ಬೇಯಬೇಕು.

ಇರಲಿ. ರಿಪೇರಿಗೆ ಬರುತ್ತೇನೆ.

ಮೊದಲ ತಪ್ಪು ನನ್ನದೇ. ಎರಡಿಂಚು ಹೋಸ್ ತಾನೆ, ಅದಕ್ಕೇನು ಅಂತ ಹೊಸಪೇಟೆ ರಸ್ತೆಯ ಒಂದು ಅಂಗಡಿಗೆ ಹೋದೆ. ಲಾರಿ ಸಾಮಾನು ಮಾರುವ ಅಂಗಡಿ. ಹಳೆಯ ತುಂಡು ತೋರಿಸಿದೆ. ಅದೇ ದಪ್ಪದ ಕಪ್ಪು ಪೈಪನ್ನು ಕತ್ತರಿಸಿ ಕೊಟ್ಟರು. ನೀರಿನದೋ, ಗಾಳಿಯದೋ, ಡೀಸೆಲ್‌ದೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ರಬ್ಬರ್ ಅಂದರೆ ಎಲ್ಲಾ ಒಂದೇ ಅಲ್ಲ ಅನ್ನೋದು ಆಮೇಲೆ ಬುದ್ಧಿಗೆ ಬಂತು. ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಅದರ ಹೋಸ್‌ಗೆ ಇಪಿಡಿಎಂ ಅನ್ನುವ ರಬ್ಬರು ಬೇಕು. ಅದು ಬಿಸಿನೀರಿಗೆ ಜಗ್ಗುವುದಿಲ್ಲ, ಆದರೆ ಆಯಿಲ್ ತಾಗಿದರೆ ಊದಿಕೊಳ್ಳುತ್ತದೆ. ಡೀಸೆಲ್ ಪೈಪಿನ ರಬ್ಬರಿನ ಗುಣ ಇದಕ್ಕೆ ಉಲ್ಟಾ. ಬಿಗಿಯಾಗಿ ಕೂರಲಿ ಅಂತ ನಾನು ಬೇರೆ ಗ್ರೀಸ್ ಸವರಿದ್ದೆ. ಅಂತೂ ಎರಡು ಗಂಟೆ ಹೆಣಗಿ ಹೇಗೋ ಒಂದು ತುದಿ ಸಿಕ್ಕಿಸಿದೆ. ಇನ್ನೊಂದು ತುದಿ ಮಡಚಿಕೊಂಡೇ ಕೂತಿತು. ಎಂಜಿನ್ ಬಿಸಿಯಾದ ಹತ್ತೇ ನಿಮಿಷಕ್ಕೆ ಮತ್ತೆ ನೀರು.

ಎರಡನೆಯ ಸಲ ಸರಿಯಾದ ತುಂಡು ತರಿಸಿದೆ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ ಇರುವ ಹೋಸ್. ಪಂಪು ಬಿಚ್ಚಲು ಸೋಮಾರಿತನ ಇರುವವರಿಗಾಗಿಯೇ ಇದನ್ನು ಮಾಡಿದ್ದಾರೆ. ಅದುಮಿದರೆ ಗಿಡ್ಡವಾಗುತ್ತದೆ, ದಾರದಿಂದ ಕಟ್ಟಬೇಕು, ಸಂದಿಯಲ್ಲಿ ತೂರಿಸಬೇಕು, ದಾರ ಕತ್ತರಿಸಿದರೆ ಹಿಗ್ಗಿ ಪಂಪಿನ, ಹೆಡ್ಡಿನ ಎರಡೂ ಮೂತಿಗೆ ತಾನೇ ಕೂರಬೇಕು. ಕೇಳುವುದಕ್ಕೆ ಎಷ್ಟು ಚೆಂದ! ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿದೆ. ಗ್ರೀಸ್ ಬಿಟ್ಟು ಸೋಪಿನ ನೀರು ಹಚ್ಚಿದೆ. ಕೈ ಒಳಗೆ ಹೋಯಿತು. ಕೈ ಹೋದರೆ ಕಣ್ಣಿಗೆ ಜಾಗವಿಲ್ಲ. ಕಣ್ಣಿಟ್ಟರೆ ಕೈಗೆ ಜಾಗವಿಲ್ಲ. ಎರಡು ಬೆರಳು ಮಾತ್ರ ಮೂತಿಯ ತನಕ ಮುಟ್ಟುತ್ತವೆ, ಮೂರನೆಯದು ಫ್ಯಾನ್ ಬೆಲ್ಟಿಗೆ ಸಿಕ್ಕಿಕೊಳ್ಳುತ್ತದೆ.

ಮಾಮ ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಐದು ನಿಮಿಷಕ್ಕೊಮ್ಮೆ ಪೇಪರ್ ಇಳಿಸದೆಯೇ ಕೇಳುವರು.

"ಸಿಗ್ತಾ?"

"ಇಲ್ಲ ಮಾಮ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಸಿಗ್ತಾ?"

"ಸಿಕ್ರೆ ಹೇಳ್ತೀನಲ್ಲ!"

"ಸಿಟ್ಟಾಗಬ್ಯಾಡ. ಡ್ಯಾಮಿಂದು ನೆನಪೈತಿಲ್ಲ?"

ನೆನಪಿಲ್ಲದೆ ಏನು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು. ಅಷ್ಟು ದೊಡ್ಡ ಡ್ಯಾಮು, ಕೈಕೊಟ್ಟದ್ದು ಒಂದು ಚೈನು. ನೀರು ಪೂರ್ತಿ ಇಳಿಯುವವರೆಗೆ ಕಾಯಬೇಕು ಅಂತ ಕೆಲವರು ಅಂದರು. ಹಾಗೆ ಕಾದಿದ್ದರೆ ಆ ವರ್ಷದ ಭತ್ತಕ್ಕೆ ನೀರು ಎಲ್ಲಿತ್ತು? ಕಡೆಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದೊಳಗೆ ತಡೆದರು. ಬಳ್ಳಾರಿಯ ಪ್ರತಿ ಟೀ ಅಂಗಡಿಯಲ್ಲೂ ಆ ವಾರ ಎಲ್ಲರೂ ಎಂಜಿನಿಯರ್‌ಗಳೇ. ಮಾಮ ಹೇಳಿದ್ದರ ಅರ್ಥ, ಹರಿಯೋ ನದಿಯಲ್ಲೇ ಅವರು ಮಾಡಿದ್ರು, ಖಾಲಿ ಕಾರಲ್ಲಿ ನಿನಗಾಗಲ್ವಾ ಅಂತ. ಆದರೆ ಅವರಿಗೆ ಕ್ರೇನ್ ಇತ್ತು. ನನಗೆ ಎರಡು ಬೆರಳು.

ಹನ್ನೊಂದು ಸಲ ಪ್ರಯತ್ನಿಸಿದೆ. ಹನ್ನೆರಡನೆಯ ಸಲ ದಾರ ಒಳಗೇ ಜಾರಿ, ಹೋಸ್ ಪುಟಿದು ಎಲ್ಲೋ ಬಿತ್ತು. ಹುಡುಕಲು ಕಾರಿನ ಕೆಳಗೆ ಮಲಗಿದೆ. ಮಲಗಿದ್ದಾಗ ನಮ್ಮ ಘಟಕದ ಟೈಲರ್ ಒಬ್ಬನ ಮಾತು ನೆನಪಾಯಿತು.

ನನ್ನ ಹೊಟ್ಟೆಪಾಡು ಜೀನ್ಸ್ ಹೊಲಿಸುವುದು. ಬಳ್ಳಾರಿಯಲ್ಲಿ ಗಲ್ಲಿಗೊಂದು ಘಟಕ ಇರುವಾಗ ನಮ್ಮದೂ ಒಂದು, ಹದಿನೆಂಟು ಮಷಿನ್ನಿನದು. ಜೀನ್ಸ್ ಹೊಲಿಯುವುದಕ್ಕೆ ಒಂದು ಸರದಿ ಇದೆ. ಬಟ್ಟೆ ಇನ್ನೂ ಹಾಳೆಯ ಹಾಗೆ ಮೇಜಿನ ಮೇಲೆ ಬಿದ್ದಿರುವಾಗಲೇ ಜೇಬು ಆಗಬೇಕು, ಜಿಪ್ ಆಗಬೇಕು. ಆಮೇಲೆ ಕಾಲು ಕೂಡಿಸುವುದು, ಆಮೇಲೆ ಬೆಲ್ಟು. ಕಾಲು ಕೂಡಿಸಿ ಕೊಳವೆಯಾದ ಮೇಲೆ ಜೇಬಿನ ಒಳಹೊಲಿಗೆ ಬಿಟ್ಟುಹೋಗಿದೆ ಅಂತ ಗೊತ್ತಾದರೆ ಮುಗಿಯಿತು. ಮೇಜಿನ ಮೇಲೆ ಅರ್ಧ ನಿಮಿಷದ ಕೆಲಸ, ಈಗ ಅರ್ಧ ಗಂಟೆ. ಹೊಸ ಹುಡುಗನೊಬ್ಬ ಹಾಗೆ ಕೊಳವೆಯೊಳಗೆ ಕೈ ತೂರಿಸಿ ಒದ್ದಾಡುತ್ತಿದ್ದಾಗ ಹಿರಿಯ ಟೈಲರ್ ಅಂದಿದ್ದ: "ಕೈ ತೂರಿಸ್ಬ್ಯಾಡಪ್ಪ. ಬಿಚ್ಚು. ಬಿಚ್ಚಿ ಹೊಲಿ. ಅದೇ ಜಲ್ದಿ ಆಗ್ತದ."

ಅಬಿಂಗ್ಡನ್ನಿಗೆ ಬರುವಷ್ಟರಲ್ಲಿ ಈ ಎಂಜಿನ್ ಆಗಲೇ ಜೋಡಿಯಾಗಿತ್ತು. ಅದನ್ನು ಜೋಡಿಸಿದವನ ಮುಂದೆ ರೇಡಿಯೇಟರ್ ಇರಲಿಲ್ಲ, ಫ್ಯಾನ್ ಇರಲಿಲ್ಲ, ಕಾರೇ ಇರಲಿಲ್ಲ. ಎಂಜಿನ್ ಒಂದೇ, ಬಯಲಲ್ಲಿ ನಿಂತಿತ್ತು. ಅವನಿಗೆ ಈ ಹೋಸ್ ಅತಿ ಸುಲಭದ ಕೆಲಸ. ಒಂದು ಹಾಡು ಗುನುಗುವಷ್ಟರಲ್ಲಿ ಹಾಕಿ ಮುಂದಕ್ಕೆ ಕಳಿಸಿರುತ್ತಾನೆ. ನಾನು ಇಷ್ಟು ದಿನ ಈ ಎಂಜಿನ್ನಿನ ನಕ್ಷೆ ಬರೆದವನನ್ನು ಬೈಯುತ್ತಿದ್ದೆ, ಕೈಗೆ ಸಿಗದ ಜಾಗದಲ್ಲಿ ಇಟ್ಟಿದ್ದಾನೆ ಅಂತ. ಜಾಗದ್ದು ಏನೂ ತಪ್ಪಿಲ್ಲ. ಸರದಿಯಲ್ಲಿ ನಾನು ಕೊನೆಗೆ ಬಂದಿದ್ದೆ, ಅಷ್ಟೆ.

ಕಾರಿನ ಕೆಳಗಿನಿಂದ ಎದ್ದು ಕೌಲ್ ಬಜಾರಿನ ಚಾಚಾಗೆ ಫೋನ್ ಮಾಡಿದೆ.

ಚಾಚಾ ನಲವತ್ತು ವರ್ಷ ಅಂಬಾಸಿಡರ್ ರಿಪೇರಿ ಮಾಡಿದವರು. ಈಗ ಅಂಬಾಸಿಡರ್‌ಗಳೇ ಇಲ್ಲ, ಮಗನ ಅಂಗಡಿಯಲ್ಲಿ ಬೈಕುಗಳ ನಡುವೆ ಕೂತಿರುತ್ತಾರೆ. ಮಿಡ್ಜೆಟ್‌ನ ಬಾನೆಟ್ ಎತ್ತಿ ಅವರು ಮೊದಲು ನಕ್ಕರು. "ಅರೇ, ಇದು ನಮ್ಮ ಅಂಬಾಸಿಡರ್ ತಮ್ಮ!" ಸುಳ್ಳಲ್ಲ. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬಿ-ಸೀರೀಸ್. ಇದು ಎ-ಸೀರೀಸ್. ಇಬ್ಬರೂ ಒಂದೇ ಮನೆಯ ಮಕ್ಕಳು. ಅಣ್ಣನ ಮೈಯ ನಟ್ಟು ಬೋಲ್ಟು ಎಲ್ಲಿ ಅಂತ ತಿಳಿದವರಿಗೆ ತಮ್ಮನದು ಹುಡುಕುವುದು ಕಷ್ಟವಿಲ್ಲ.

ಅವರು ಪಾನಾ ಮುಟ್ಟುವ ಮೊದಲು ಕೇಳಿದ್ದು ಒಂದು ಬಕೆಟ್, ಒಂದು ತಟ್ಟೆ, ಒಂದು ಚಹಾ. ರೇಡಿಯೇಟರಿನ ತಳದ ನಲ್ಲಿ ತಿರುಗಿಸಿ ಇದ್ದಷ್ಟು ನೀರು ಇಳಿಸಿದರು. ಬ್ಲಾಕಿನದ್ದೂ ಒಂದು ನಲ್ಲಿ ಹಿಂದೆ ಇದೆ. ಅದನ್ನು ಪೂರ್ತಿ ಬಿಚ್ಚಿದರೂ ಒಂದು ಹನಿ ಬರಲಿಲ್ಲ. ತಂತಿ ತೂರಿಸಿ ಕೆದಕಿದರು. ಮೊದಲು ಕೆಸರು, ಆಮೇಲೆ ಬೆಲ್ಲದ ಬಣ್ಣದ ನೀರು. ಬಕೆಟ್ಟಿನ ತಳದಲ್ಲಿ ಬಿಳಿ ಚೂರುಗಳು. ಕೈಯಲ್ಲಿ ಉಜ್ಜಿ ನೋಡಿ, "ಬೋರ್ ನೀರು ಹಾಕ್ಯಾರ" ಅಂದರು. ನಮ್ಮ ಕಡೆಯ ಬೋರ್ ನೀರಿನ ಗಡಸುತನ ಗೊತ್ತಲ್ಲ, ಒಂದು ತಿಂಗಳಿಗೇ ಬಿಸಿನೀರಿನ ಹಂಡೆಯೊಳಗೆ ಪೊರೆ ಕಟ್ಟುತ್ತದೆ. ಎಂಜಿನ್ ಕೂಡ ಒಂದು ಹಂಡೆ. ಪೊರೆ ಕಟ್ಟಿದ ಕಬ್ಬಿಣ ಬಿಸಿ ಬಿಟ್ಟುಕೊಡುವುದಿಲ್ಲ. ಮಾಮ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ರೇಡಿಯೇಟರ್ ಹೊರಗೆ ಬಂತು. ಫ್ಯಾನ್ ಬಂತು. ಬೆಲ್ಟ್ ಬಂತು. ಡೈನಮೋದ ಮೇಲಿನ ಬೋಲ್ಟ್ ಪಂಪಿನ ಕಿವಿಗೇ ಸಿಕ್ಕಿಸಿರುತ್ತದೆ, ಅದನ್ನೂ ಸಡಿಲಿಸಬೇಕು. ಆಮೇಲೆ ಪಂಪಿನ ನಾಲ್ಕು ಬೋಲ್ಟು. ಚಾಚಾ ಬಿಚ್ಚಿದ ಒಂದೊಂದನ್ನೂ ತಟ್ಟೆಯಲ್ಲಿ ಬಿಚ್ಚಿದ ಆಕಾರದಲ್ಲೇ ಜೋಡಿಸಿದರು. ಉದ್ದದ್ದು ಯಾವ ತೂತಿನದು, ಗಿಡ್ಡದ್ದು ಯಾವುದರದು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಎಲ್ಲಾ ಸೇರಿ ಒಂದು ಗಂಟೆ ಕೂಡ ಆಗಲಿಲ್ಲ. ನಾನು ಮೂರು ಭಾನುವಾರ ಕಳೆದಿದ್ದೆ.

ಪಂಪು ಸರಿದ ಮೇಲೆ ಆ ಕತ್ತಲೆಯ ಮೂಲೆ ಸುಮ್ನೆ ಅಂಗಳದ ಬೆಳಕಿನಲ್ಲಿ ಕೂತಿತ್ತು. ಇಷ್ಟೇನಾ ಅನ್ನಿಸಿತು. ಹೆಡ್ಡಿನ ಕೆಳಗಿನಿಂದ ಚಾಚಿದ ಒಂದು ಪುಟ್ಟ ಕಬ್ಬಿಣದ ಮೂತಿ. ಚಾಚಾ ಮೊದಲ ಸಲ ಗಂಭೀರವಾಗಿದ್ದು ಆಗಲೇ. ಈ ಮೂತಿ ತುಕ್ಕು ತಿಂದು ಹಪ್ಪಳವಾಗಿರುತ್ತದೆ. ಹಳೆಯ ಹೋಸನ್ನು ಎಳೆಯುವಾಗ ಮುರಿದರೆ ಇವತ್ತಿನ ಕೆಲಸ ಹೆಡ್ಡಿನ ಕೆಲಸವಾಗುತ್ತದೆ. ಅದಕ್ಕೆ ಅವರು ಎಳೆಯಲೇ ಇಲ್ಲ. ಬ್ಲೇಡಿನಿಂದ ಉದ್ದಕ್ಕೆ ಗೀರಿ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದರು. ನಾನು ಸಿಕ್ಕಿಸಿದ್ದ ತುಂಡು ಊದಿಕೊಂಡು, ಕೈಗೆ ಮಸಿ ಹತ್ತುವಷ್ಟು ಮೆತ್ತಗಾಗಿತ್ತು. ಅದರ ಪಕ್ಕದಲ್ಲಿ ಕುಡತಿನಿಯಲ್ಲಿ ಸೀಳಿದ ಹಳೆಯದನ್ನೂ ಇಟ್ಟು ನೋಡಿದೆವು. ಹೊರಗೆ ಚೆನ್ನಾಗೇ ಇತ್ತು. ಒಳಗೆ, ಕ್ಲಿಪ್ ಬಿಗಿದ ಜಾಗದ ಹತ್ತಿರ, ಕೂದಲೆಳೆಯಂಥ ಬಿರುಕುಗಳು. ಹೋಸ್ ಸಾಯುವುದು ಒಳಗಿನಿಂದ. ನಡುವೆ ಹಿಚುಕಿದರೆ ಗೊತ್ತಾಗುವುದಿಲ್ಲ, ತುದಿಯ ಹತ್ತಿರ ಹಿಚುಕಬೇಕು. ನಡುವಿಗಿಂತ ತುದಿ ಮೆತ್ತಗಿದ್ದರೆ ದಿನ ಎಣಿಸುತ್ತಿದೆ ಅಂತ ಅರ್ಥ.

ಮೂತಿ ಗಟ್ಟಿಯಾಗಿತ್ತು. ಎಮರಿ ಪೇಪರಿನಿಂದ ಉಜ್ಜಿದರೆ ಹೊಳಪು ಬಂತು. ಚಾಚಾ, "ದೇವ್ರು ದೊಡ್ಡವನು" ಅಂದು ಚಹಾ ಕುಡಿದರು.

ಆಗ ನಾನು ಹಳೆಯ ಕ್ಲಿಪ್ಪನ್ನು ಎತ್ತಿ ತೋರಿಸಿದೆ. ಸ್ಕ್ರೂ ತಿರುಗಿಸಿದರೆ ಪಟ್ಟಿ ಬಿಗಿಯುವ ಮಾಮೂಲಿ ಕ್ಲಿಪ್. ಇಂಗ್ಲಿಷ್ ಕಾರಿನವರು ಇದನ್ನು ಜುಬಿಲಿ ಕ್ಲಿಪ್ ಅನ್ನುತ್ತಾರೆ. ಬ್ರಿಟಿಷ್ ನೌಕಾದಳದಲ್ಲಿದ್ದ ಲಮ್ಲಿ ರಾಬಿನ್ಸನ್ ಎಂಬ ಕಮಾಂಡರ್ 1921ರಲ್ಲಿ ಪೇಟೆಂಟ್ ಪಡೆದದ್ದು. ನೂರು ವರ್ಷ ದಾಟಿದರೂ ಅದೇ ಆಕಾರ. ಅದರಲ್ಲಿ ಒಂದೇ ಒಂದು ಯೋಚನೆ ಮಾಡುವ ವಿಷಯವಿದೆ, ಸ್ಕ್ರೂವಿನ ತಲೆ ಯಾವ ಕಡೆ ಇರಬೇಕು ಅನ್ನೋದು. ನಮ್ಮದರ ತಲೆ ಎಂಜಿನ್ನಿನ ಕಡೆಗೆ, ಒಳಕ್ಕೆ ಮುಖ ಮಾಡಿತ್ತು. ಮೊದಲ ಭಾನುವಾರ ಅದನ್ನು ಸಡಿಲಿಸುವುದಕ್ಕೇ ನನಗೆ ಒಂದೂವರೆ ಗಂಟೆ ಬೇಕಾಗಿತ್ತು.

"ಇದನ್ನ ಹಾಕಿದ ಪುಣ್ಯಾತ್ಮ ಯಾರೋ," ಅಂದೆ. "ಕೈಲಿ ಸಿಕ್ರೆ..."

ಚಾಚಾ ಕ್ಲಿಪ್ ತಿರುಗಿಸಿ ನೋಡಿದರು. "ಪಂಪು ಬಿಚ್ಚಿದಾಗ ಹಾಕ್ಯಾರ. ಆಗ ಎಲ್ಲಾ ಕಡೆಯಿಂದ ಸಿಗ್ತೈತಲ್ಲ. ಮುಂದಿನೋನು ನೆನಪಾಗಲ್ಲ."

ಮಾಮ ಏನೂ ಹೇಳಲಿಲ್ಲ. ಒಗ್ಗರಣೆ, ಮಿರ್ಚಿ ತಟ್ಟೆ ತಂದಿಟ್ಟ ಅತ್ತೆ ಹೇಳಿದರು. "ಇವ್ರೇ ಅಲ್ಲೇನು? ನಿನ್ನ ಮುಂಜಿ ಹಿಂದಿನ ರಾತ್ರಿ ಇದೇ ಅಂಗಳದಾಗ ಲೈಟ್ ಹಾಕ್ಕೊಂಡು ಕುಂತಿದ್ರು. ಬೆಳಗಾಗೋದ್ರೊಳಗ ಕಾರು ಎಬ್ಬಿಸ್ಬೇಕು, ಅಳಿಯನ್ನ ಇದ್ರಾಗೇ ಮೆರವಣಿಗೆ ಮಾಡ್ಬೇಕು ಅಂತ."

ಆ ಮೆರವಣಿಗೆ ನನಗೆ ನೆನಪಿದೆ. ಹೂವಿನ ಹಾರ ಹಾಕಿದ ಪುಟ್ಟ ಕಾರು, ದುರ್ಗಮ್ಮನ ಗುಡಿಯವರೆಗೆ. ಹೊಸ ಜನಿವಾರ ಚುಚ್ಚುತ್ತಿತ್ತು. ಕಾಲ ಹತ್ತಿರ ಬಿಸಿಗಾಳಿ ಬರುತ್ತಿತ್ತು. ಮಾಮನ ಬೆರಳುಗಳಿಗೆ ಬಿಳಿ ಪಟ್ಟಿ ಸುತ್ತಿತ್ತು. ಯಾಕೆ ಅಂತ ನಾನು ಕೇಳಿರಲಿಲ್ಲ.

ಮಿರ್ಚಿ ತಿಂದು ಮುಂದಿನ ಜಗಳಕ್ಕೆ ಕೂತೆವು. ಥರ್ಮೋಸ್ಟಾಟ್ ಬೇಕೋ ಬೇಡವೋ. ಚಾಚಾ ತಮ್ಮ ಜೀವಮಾನದಲ್ಲಿ ಕೈಗೆ ಸಿಕ್ಕ ಥರ್ಮೋಸ್ಟಾಟ್‌ಗಳನ್ನೆಲ್ಲ ತೆಗೆದು ಬಿಸಾಕಿದವರು. "ಬಳ್ಳಾರಿಗೆ ಯಾಕದು? ಬಾಗ್ಲು ತೆಗೆದೇ ಇಟ್ಟುಬಿಡು." ಈ ಮಾತು ನಮ್ಮ ಕಡೆಯ ಎಲ್ಲಾ ಶೆಡ್ಡುಗಳಲ್ಲೂ ಕೇಳುತ್ತೀರಿ. ನನಗೆ ಒಪ್ಪಿಗೆಯಿಲ್ಲ. ಥರ್ಮೋಸ್ಟಾಟ್ ಇರುವುದು ಎಂಜಿನ್ ತಣ್ಣಗಿಡುವುದಕ್ಕಲ್ಲ, ಬೇಗ ಹದಕ್ಕೆ ತರುವುದಕ್ಕೆ. ಬಾಗಿಲೇ ಇಲ್ಲದಿದ್ದರೆ ಡಿಸೆಂಬರ್ ಬೆಳಿಗ್ಗೆ ಎಂಜಿನ್ ಹದಕ್ಕೆ ಬರುವಷ್ಟರಲ್ಲಿ ಊರೇ ಸುತ್ತಿರುತ್ತೀರಿ. ಆಯಿಲ್ಲಿನಲ್ಲಿ ತೇವ ಉಳಿಯುತ್ತದೆ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಒಳಗಿನ ಸವೆತವೂ ಜಾಸ್ತಿ. ಬಿಸಿ ಊರಿಗೆ ಅಂತಲೇ 82ರ ಬದಲು 74 ಡಿಗ್ರಿಗೆ ತೆರೆಯುವುದು ಸಿಗುತ್ತದೆ, ಅದನ್ನು ತರಿಸಿದ್ದೆ. ನಂಬಿಕೆ ಬರಲಿ ಅಂತ ಅತ್ತೆಯ ಹಾಲಿನ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಅದರಲ್ಲಿ ಇಳಿಬಿಟ್ಟೆ. ನೀರು ಕುದಿಯುವ ಎಷ್ಟೋ ಮೊದಲೇ ನಡುವಿನ ತಟ್ಟೆ ಮೆಲ್ಲಗೆ ಎದ್ದು ಬಾಯಿ ಬಿಟ್ಟಿತು. ಹೊರಗೆ ತೆಗೆದರೆ ಮುಚ್ಚಿಕೊಂಡಿತು. ಒಳಗಿರುವ ಮೇಣ ಕರಗಿ ಹಿಗ್ಗುವುದರಿಂದ ನಡೆಯುವ ಆಟ. ಚಾಚಾ ಮೂರು ಸಲ ಮಾಡಿಸಿ ನೋಡಿದರು. "ಹಾಕು ಹಂಗಾದ್ರೆ" ಅಂದರು. ಹಾಲಿನ ಪಾತ್ರೆಗೆ ಬೈಸಿಕೊಂಡಿದ್ದು ನಾನೊಬ್ಬನೇ.

ಮಡಿಕೆಯ ಹೋಸ್ ಕಡೆಗೂ ಹಾಕಲಿಲ್ಲ. ಪಂಪು ಹೇಗೂ ಹೊರಗಿದೆ, ತೆಳು ರಬ್ಬರಿನ ಮಡಿಕೆಯದು ಯಾಕೆ? ಅದರ ಜೊತೆ ಬಂದಿದ್ದ ನೇರ ತುಂಡು ದಪ್ಪಗಿತ್ತು, ಒಳಗೆ ನೂಲಿನ ಹೆಣಿಗೆ ಇತ್ತು. ಬೆಂಗಳೂರಿನ ಗೆಳೆಯನೊಬ್ಬ ನೀಲಿ ಸಿಲಿಕೋನ್ ಹೋಸ್ ಹಾಕು, ಜೀವನಪೂರ್ತಿ ನೋಡಬೇಕಿಲ್ಲ ಅಂದಿದ್ದ. ಮಾಮ ಅದರ ಫೋಟೋ ನೋಡಿ, "ನಿನ್ ಜೀನ್ಸ್ ಬಣ್ಣ. ಬ್ಯಾಡ" ಅಂತ ಮುಗಿಸಿದ್ದರು. ಸಿಲಿಕೋನ್ ಮೆತ್ತಗಿನದು, ಈ ಕ್ಲಿಪ್ಪಿನ ಹಲ್ಲುಗಳು ಅದನ್ನು ಕೊಯ್ದುಬಿಡುತ್ತವೆ, ಬೇರೆ ಕ್ಲಿಪ್ ಬೇಕು. ಹಾಗಾಗಿ ನಾನೂ ವಾದಿಸಲಿಲ್ಲ.

ಹೊಸ ಹೋಸನ್ನು ಪಂಪಿನ ಮೂತಿಗೆ ಹಾಕಿ, ಎರಡೂ ಕ್ಲಿಪ್ಪುಗಳನ್ನು ಸಡಿಲವಾಗಿ ಏರಿಸಿ, ಪಂಪನ್ನು ಸ್ವಲ್ಪ ಓರೆ ಮಾಡಿ ಮೇಲಿನ ಮೂತಿಗೆ ಕೊಟ್ಟರು ಚಾಚಾ. ಸೋಪಿನ ನೀರಿಗೆ ಜಾರಿ ಸೀದಾ ಕೂತಿತು. ಹೊಸ ಪ್ಯಾಕಿಂಗ್ ಹಾಕಿ ಪಂಪಿನ ಬೋಲ್ಟ್ ಬಿಗಿದರು. ಕ್ಲಿಪ್ ಬಿಗಿಯುವ ಮೊದಲು ಮಾಮ ಕುರ್ಚಿಯಿಂದ ಎದ್ದು ಬಂದರು. ಬಗ್ಗಿ, ಎರಡೂ ಸ್ಕ್ರೂಗಳ ತಲೆಯನ್ನು ಬೆರಳಿನಿಂದ ತಿರುಗಿಸಿ ಮುಂದಕ್ಕೆ ತಂದರು. ಫ್ಯಾನಿನ ಎರಡು ರೆಕ್ಕೆಗಳ ನಡುವಿನಿಂದ ಉದ್ದ ಸ್ಕ್ರೂಡ್ರೈವರ್ ನೇರ ಹೋಗಬೇಕು, ಹಾಗೆ. ರೇಡಿಯೇಟರ್ ಹೊರಗಿದ್ದಾಗಲೇ ಅದು ಬರುವ ಜಾಗದಲ್ಲಿ ಒಂದು ರಟ್ಟು ಹಿಡಿಸಿ, ಸ್ಕ್ರೂಡ್ರೈವರಿಗೆ ದಾರಿ ಇದೆಯಾ ಅಂತ ಎರಡು ಸಲ ನೋಡಿದರು. ಆಮೇಲೆ ಹೋಗಿ ಕೂತರು.

ನೀರು ತುಂಬುವುದು ಅರ್ಧ ಗಂಟೆಯ ಕೆಲಸ, ಅವಸರ ಮಾಡಿದರೆ ಒಳಗೆ ಗಾಳಿ ಕೂರುತ್ತದೆ. ಬೋರ್ ನೀರಿಗೆ ಕೈಮುಗಿದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದಿದ್ದೆ, ಅದಕ್ಕೆ ಅರ್ಧಕ್ಕರ್ಧ ಕೂಲಂಟ್. ಹಿಡಿಯುವುದು ಮೂರು ಚಿಲ್ಲರೆ ಲೀಟರ್ ಅಷ್ಟೇ. ಹೀಟರಿನ ನಲ್ಲಿ ತೆರೆದಿಟ್ಟು, ನಿಧಾನಕ್ಕೆ ಹಾಕುತ್ತಾ, ಮೇಲಿನ ಹೋಸ್ ಹಿಚುಕುತ್ತಾ ಹೋದೆ. ಗುಳುಗುಳು ಅಂತ ಗಾಳಿ ಬಂತು. ಕ್ಯಾಪ್ ಹಾಕದೆಯೇ ಎಂಜಿನ್ ಶುರು ಮಾಡಿ, ನೀರಿನ ಮಟ್ಟ ಇಳಿದ ಹಾಗೆ ತುಂಬಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿದೆ.

ಏಪ್ರಿಲ್ ಮೊದಲ ವಾರ, ಮಧ್ಯಾಹ್ನ ಎರಡು ಗಂಟೆ. ಪರೀಕ್ಷೆ ಮಾಡಿದರೆ ಈಗಲೇ ಮಾಡಬೇಕು ಅಂದರು ಮಾಮ. ಹೀಟರ್ ತೆರೆದೇ ಇತ್ತು. ಕೋಟೆ ಬೆಟ್ಟದ ಬುಡದಲ್ಲಿ ಒಂದು ಸುತ್ತು ಹಾಕಿದೆವು. ಬಂಡೆಯ ಬಿಸಿ ಮೇಲಿನಿಂದ, ಡಾಂಬರಿನ ಬಿಸಿ ಕೆಳಗಿನಿಂದ, ಹೀಟರಿನದು ಮೊಣಕಾಲಿಗೆ. ಇಬ್ಬರ ಅಂಗಿಯೂ ಮೈಗೆ ಅಂಟಿತ್ತು. ಮುಳ್ಳು 80 ದಾಟಿ ಸ್ವಲ್ಪ ಮುಂದೆ ಹೋಗಿ ಅಲ್ಲೇ ನಿಂತಿತು. ಮಾಮ ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ವಾಪಸ್ ಬರುವಾಗ ನಿಂಬೆ ಸೋಡಾ ಕುಡಿದೆವು, ಎರಡೆರಡು.

ರಬ್ಬರು ಒಂದು ಸಲ ಬಿಸಿಯಾಗಿ ಆರಿದ ಮೇಲೆ ಕ್ಲಿಪ್ ಒಂಚೂರು ಸಡಿಲವಾಗುತ್ತದೆ. ಮತ್ತೊಮ್ಮೆ ಬಿಗಿಯಬೇಕು. ಮರುದಿನ ಬೆಳಿಗ್ಗೆ ಘಟಕಕ್ಕೆ ಹೋಗುವ ಮೊದಲು ಮಾಮನ ಮನೆಗೆ ಹೋದೆ. ಕಾರಿನ ಕೆಳಗೆ ಹಾಸಿದ್ದ ರಟ್ಟು ಒಣಗಿತ್ತು. ಬಾನೆಟ್ ಎತ್ತಿ, ಉದ್ದ ಸ್ಕ್ರೂಡ್ರೈವರ್ ತಗೊಂಡು ಫ್ಯಾನಿನ ರೆಕ್ಕೆಗಳ ನಡುವೆ ತೂರಿಸಿದೆ.

ಪೇಪರಿನ ಹಿಂದಿನಿಂದ ಕೇಳಿದರು.

"ಸಿಗ್ತಾ?"

ಮೇಲಿನದಕ್ಕೆ ಅರ್ಧ ಸುತ್ತು, ಕೆಳಗಿನದಕ್ಕೆ ಅರ್ಧ ಸುತ್ತು.

"ಸಿಗ್ತು ಮಾಮ."

ಅವರು ಪೇಪರಿನ ಪುಟ ತಿರುಗಿಸಿದರು.